ಕರಾವಳಿಗೆ ಕ್ಯಾಮೆರಾ, ಭಾಗ 4: ಮೆಗಾಪಿಕ್ಸೆಲ್ ಕೇಳಬೇಡಿ, ರಬ್ಬರ್ ಕೇಳಿ

ಮೊದಲ ಫೋಟೊದಲ್ಲಿ ಜೇಡರ ಬಲೆ ಥರ ಕಾಣ್ತಿರೋದು ಲೆನ್ಸ್ ಒಳಗೆ ಬೆಳೆದ ಫಂಗಸ್. ಕುಮಟೆಯಲ್ಲಿ ಎರಡೇ ಮಳೆಗಾಲ ಕಂಡ ಲೆನ್ಸ್ ಅದು. ಬೋಟಲ್ಲಿ ಪ್ರವಾಸಿಗರ ಫೋಟೊ ತೆಗೆದು ದುಡಿಯೋ ಹುಡುಗನದ್ದು. ಕಂತು ಇನ್ನೂ ಮುಗಿದಿಲ್ಲ.

ಆದ್ರೂ ಮೆಸೇಜಲ್ಲಿ ನೀವು ಕೇಳೋದು ಅದನ್ನೇ: "ಎಷ್ಟು ಮೆಗಾಪಿಕ್ಸೆಲ್? ಫುಲ್ ಫ್ರೇಮ್ ಬೇಕಾ?" ಮಾರಾಯ್ರೆ, ನೀವು ಹೋಗೋದು ಎಲ್ಲಿಗೆ ಅಂತ ಮೊದಲು ಹೇಳಿ. ಶರಾವತಿ ಕಾಂಡ್ಲಾ ಕಾಡಿನ ನಡುವೆ ಕಯಾಕ್, ಅಪ್ಸರಕೊಂಡದ ಜಲಪಾತ, ಕುಮಟೆಯಿಂದ ಗೋಕರ್ಣಕ್ಕೆ ಹೊಯ್ಗೆ ಮೇಲೆ ನಡಿಗೆ, ಮುರುಡೇಶ್ವರದಿಂದ ನೇತ್ರಾಣಿಗೆ ಬೋಟು. ಎಸಿ ರೂಮಲ್ಲಿ ಕೂತು ರಿವ್ಯೂ ಮಾಡುವವರಿಗೆ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡೀತದೆ ಅನ್ನೋದು ಹೇಗೆ ಗೊತ್ತಾಗಬೇಕು?

"ವೆದರ್ ಸೀಲ್ಡ್" ಅಂದ ಕೂಡಲೇ ಮರುಳಾಗಬೇಡಿ. ಅದು ತುಂತುರಿಗೆ, ಧೂಳಿಗೆ. ದೋಣಿ ಮಗುಚಿದ್ರೆ ಅಲ್ಲ. ಬಾಡಿಗೆ ಸೀಲ್ ಇದ್ದು ಜೊತೆಗೆ ಕೊಟ್ಟ ಲೆನ್ಸಿಗೆ ಇಲ್ಲದಿದ್ರೆ ಅದೂ ವ್ಯರ್ಥ. ಫೋನಿನ ಐಪಿ68? ಆ ಪರೀಕ್ಷೆ ನಡೆಯೋದು ಸಿಹಿನೀರಲ್ಲಿ, ಅರಬ್ಬಿ ಸಮುದ್ರದಲ್ಲಲ್ಲ. ನೀರು ಹೊಕ್ಕರೆ ಹೆಚ್ಚಿನ ಕಂಪನಿಗಳ ವಾರಂಟಿಯೂ ಇಲ್ಲ.

ನನ್ನ ಕೇಳಿದ್ರೆ ಒಲಿಂಪಸ್ ಟಫ್ ಟಿಜಿ-6 ಅಥವಾ 2023ರಲ್ಲಿ ಬಂದ ಟಿಜಿ-7. ಬರೀ 12 ಮೆಗಾಪಿಕ್ಸೆಲ್, ನಗಾಡಿ ಬೇಕಾದ್ರೆ. ಆದ್ರೆ 15 ಮೀಟರ್ ಆಳ ತಡೀತದೆ, 2.1 ಮೀಟರಿಂದ ಬಿದ್ರೂ ಬದುಕ್ತದೆ, ಒಂದು ಸೆಂಟಿಮೀಟರ್ ಹತ್ತಿರ ಹೋಗಿ ಕಪ್ಪೆಯ ಕಣ್ಣು ತೆಗೀಬಹುದು. ಸೆನ್ಸರ್ ಚಿಕ್ಕದು, ಸೂರ್ಯ ಮುಳುಗಿದ ಮೇಲೆ ಚಿತ್ರ ಮರಳು ಮರಳು. ಅದು ನಿಜ. ಅಘನಾಶಿನಿ ಅಳಿವೆಯ ಹಕ್ಕಿಗೂ ಇದು ಆಗೋದಿಲ್ಲ, ಅದಕ್ಕೆ ಉದ್ದ ಲೆನ್ಸೇ ಬೇಕು, ದಡದಲ್ಲಿ ನಿಂತು ತೆಗೀರಿ. ಗೋಪ್ರೊ ತಗೊಳ್ಳೋರು ಇದೊಂದು ನೆನಪಿಡಿ: ಹೌಸಿಂಗ್ ಇಲ್ಲದೆ ಅದರ ಮಿತಿ 10 ಮೀಟರ್. ಮೊದಲ ಸಲದ ಸ್ಕೂಬಾದಲ್ಲೇ 12 ಮೀಟರ್ ತನಕ ಇಳಿಸ್ತಾರೆ.

ಯಾವ ಕ್ಯಾಮೆರಾ ಆದ್ರೂ ಸಮುದ್ರದಿಂದ ಬಂದ ಕೂಡಲೇ ಬಾಗಿಲು ತೆಗೀಬೇಡಿ. ನೀರಿಗೆ ಇಳಿಯೋ ಕ್ಯಾಮೆರಾ ಆದ್ರೆ ಬಾವಿ ನೀರಲ್ಲಿ ಮುಳುಗಿಸಿಡಿ, ಒರೆಸಿ, ಆಮೇಲೆ ತೆಗೀರಿ. ರಬ್ಬರಿಗೆ ಒಂದು ಕಾಳು ಹೊಯ್ಗೆ, ಒಂದು ಕೂದಲು ಸಿಕ್ಕಿದ್ರೂ ನೀರು ಒಳಗೆ. ಆ ರಬ್ಬರನ್ನ ವರ್ಷಕ್ಕೊಮ್ಮೆ ಬದಲಿಸಿ ಅಂತ ಕಂಪನಿಯೇ ಹೇಳ್ತದೆ, ಯಾರು ಕೇಳ್ತಾರೆ! ಅಕ್ಕಿ ಡಬ್ಬದಲ್ಲಿ ಹುಗಿಯೋ ಅಭ್ಯಾಸವನ್ನೂ ಬಿಡಿ, ಅಕ್ಕಿ ಹುಡಿ ಹೋಗಿ ಕೂರೋದು ಲೆನ್ಸ್ ಸಂದಿಯಲ್ಲಿ. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ಅಷ್ಟೇ.

ಸೆಕೆಂಡ್ ಹ್ಯಾಂಡ್ ತಗೊಳ್ತೀರಾ? ಒಳ್ಳೇದೇ. ದುಡ್ಡು ಕೊಡೋ ಮೊದಲು ಬ್ಯಾಟರಿ ಬಾಗಿಲು ತೆಗೆದು ಟಾರ್ಚ್ ಹಾಕಿ ನೋಡಿ. ಹಸಿರು ಕಿಲುಬು ಕಂಡ್ರೆ ಮಾತಾಡದೇ ಎದ್ದು ಬನ್ನಿ.