ನಾಣ್ಯಸಂಗ್ರಹವೂ ನೆಲದ ಸಾಕ್ಷ್ಯವೂ

ತುಮಕೂರಿನಲ್ಲಿ ನನ್ನ ಮಿತ್ರರೊಬ್ಬರಿದ್ದಾರೆ. ವೃತ್ತಿಯಲ್ಲಿ ಅಡಕೆಯ ವ್ಯಾಪಾರಿಗಳು, ಹವ್ಯಾಸದಲ್ಲಿ ನಾಣ್ಯಸಂಗ್ರಾಹಕರು. ಕಂಡ ನಾಣ್ಯವನ್ನೆಲ್ಲ ಕೂಡಿಹಾಕುವ ಅಭ್ಯಾಸ ಅವರಿಗಿಲ್ಲ. ರೋಮ್ ಸಾಮ್ರಾಜ್ಯದ ಎರಡನೆಯ ಚಕ್ರವರ್ತಿ ಟೈಬೀರಿಯಸ್ಸನ ಬೆಳ್ಳಿಯ ನಾಣ್ಯಗಳನ್ನಷ್ಟೇ ಅವರು ಕೊಳ್ಳುತ್ತಾರೆ. ಮಖಮಲ್ಲು ಹಾಸಿದ ಪೆಟ್ಟಿಗೆಯೊಂದರಲ್ಲಿ ಹದಿನೇಳು ನಾಣ್ಯಗಳನ್ನು ಸಾಲಾಗಿ ಜೋಡಿಸಿ, ಒಂದೊಂದರ ಕೆಳಗೂ ತೂಕ, ಕೊಂಡ ದಿನ, ಕೊಟ್ಟ ಬೆಲೆಗಳನ್ನು ಬರೆದ ಚೀಟಿಯನ್ನಿಟ್ಟಿದ್ದಾರೆ. ಈಚೆಗೆ ಅವರ ಮನೆಗೆ ಹೋದಾಗ ಹದಿನೆಂಟನೆಯದನ್ನು ತೋರಿಸಿದರು. ಗುಬ್ಬಿಯ ಸಂತೆಯಲ್ಲಿ ಹಳೆಯ ಬೆಳ್ಳಿ ಕೊಳ್ಳುವವನೊಬ್ಬನಿಂದ ದೊರೆತದ್ದು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ ಅದು ಹೊಸ ರೂಪಾಯಿಯಂತೆ ಹೊಳೆಯುತ್ತಿತ್ತು.

“ಇದು ಎಲ್ಲಿ ಸಿಕ್ಕಿತಂತೆ?” ಎಂದು ಕೇಳಿದೆ.

“ಕುಣಿಗಲ್ ಕಡೆಯದಂತೆ. ಅವನಿಗೂ ಯಾರೋ ತಂದುಕೊಟ್ಟದ್ದಂತೆ” ಎಂದರು.

ನಾಣ್ಯ ನಿಜವಾದದ್ದೇ ಇರಬಹುದು, ಅಚ್ಚಿನಲ್ಲಿ ಎರಕ ಹೊಯ್ದ ನಕಲಿಯೂ ಇರಬಹುದು. ಆ ಪರೀಕ್ಷೆ ಹಾಗಿರಲಿ. ನನ್ನನ್ನು ಚಿಂತೆಗೀಡುಮಾಡಿದ್ದು ಆ ‘ಅಂತೆ’ ಎಂಬ ಎರಡಕ್ಷರ. ಅದರ ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಮೊದಲಿಗೆ ಈ ಹವ್ಯಾಸವನ್ನು ಹಗುರವಾಗಿ ಕಾಣಬಾರದೆಂದು ಹೇಳಬೇಕು. ಟೈಬೀರಿಯಸ್ ಕ್ರಿ. ಶ. 14ರಿಂದ 37ರವರೆಗೆ ಆಳಿದನು. ಅವನ ಬೆಳ್ಳಿಯ ನಾಣ್ಯಕ್ಕೆ ಡಿನೇರಿಯಸ್ ಎಂದು ಹೆಸರು. ನಮ್ಮ ಸಂಸ್ಕೃತ ಗ್ರಂಥಗಳ ‘ದೀನಾರ’ವು ಈ ಶಬ್ದದಿಂದಲೇ ಬಂದದ್ದು. ಒಂದು ಮುಖದಲ್ಲಿ ಪತ್ರಮಾಲೆ ಧರಿಸಿದ ಚಕ್ರವರ್ತಿಯ ಶಿರಸ್ಸೂ, ಅವನು ದೈವತ್ವ ಪಡೆದ ಆಗಸ್ಟಸ್ಸನ ಮಗನೆಂಬ ಬರಹವೂ ಇರುತ್ತವೆ. ಇನ್ನೊಂದು ಮುಖದಲ್ಲಿ ದಂಡವನ್ನೂ ರೆಂಬೆಯನ್ನೂ ಹಿಡಿದು ಪೀಠದ ಮೇಲೆ ಕುಳಿತ ಸ್ತ್ರೀಮೂರ್ತಿಯಿದೆ. ಸುತ್ತಲೂ ‘ಮಹಾಪುರೋಹಿತ’ ಎಂಬ ಅರ್ಥದ ಲ್ಯಾಟಿನ್ ಬಿರುದಿದೆ. ಇವುಗಳನ್ನು ಟಂಕಿಸಿದ್ದು ಇಂದಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ. ಆಳ್ವಿಕೆಯ ಮೊದಲ ಕೆಲವು ವರ್ಷಗಳಲ್ಲಿ ಬೇರೊಂದು ಮಾದರಿ ಹೊರಟಿತಾದರೂ, ಅನಂತರ ಉದ್ದಕ್ಕೂ ಈ ಒಂದೇ ಮಾದರಿ ನಡೆಯಿತು.

ಒಂದೇ ಮಾದರಿಯ ನಾಣ್ಯಗಳನ್ನು ಹದಿನೇಳು ಕೂಡಿಸಿ ಫಲವೇನು ಎಂದು ಓದುಗರು ಕೇಳಬಹುದು. ಫಲವುಂಟು. ಆ ಕಾಲದಲ್ಲಿ ಅಚ್ಚುಗಳನ್ನು ಕುಶಲಕರ್ಮಿಗಳು ಕೈಯಿಂದ ಕೆತ್ತುತ್ತಿದ್ದರು. ಎರಡು ಅಚ್ಚುಗಳ ನಡುವೆ ಬೆಳ್ಳಿಯ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆದು ನಾಣ್ಯ ಮಾಡುತ್ತಿದ್ದರು. ಒಂದು ಅಚ್ಚು ಸವೆದರೆ ಇನ್ನೊಂದು ಬರುತ್ತಿತ್ತು. ಕೈಕೆಲಸವಾದ್ದರಿಂದ ಎರಡು ಅಚ್ಚುಗಳು ಎಂದೂ ಪೂರ್ಣವಾಗಿ ಒಂದೇ ಆಗಿರಲಾರವು. ಪೀಠದ ಕಾಲುಗಳು ಒಂದರಲ್ಲಿ ಸರಳವಾಗಿದ್ದರೆ ಇನ್ನೊಂದರಲ್ಲಿ ಅಲಂಕೃತವಾಗಿರುತ್ತವೆ. ದಂಡವಿದ್ದ ಕಡೆ ಕೆಲವೊಮ್ಮೆ ತಲೆಕೆಳಗಾಗಿ ಹಿಡಿದ ಭರ್ಜಿ ಕಾಣುತ್ತದೆ. ಇಂಥ ಭೇದಗಳನ್ನು ಸಾಲಿನಲ್ಲಿಟ್ಟು ಹೋಲಿಸಿದರೆ ಯಾವುದು ಮುಂಚಿನದು, ಯಾವುದು ತರುವಾಯದ್ದು ಎಂಬುದನ್ನೂ, ಎಷ್ಟು ಅಚ್ಚುಗಳು ಕೆಲಸಮಾಡಿದವೆಂಬುದನ್ನೂ ಅಂದಾಜುಮಾಡಬಹುದು. ಅನೇಕ ಚಕ್ರವರ್ತಿಗಳ ಒಂದೊಂದು ನಾಣ್ಯವನ್ನಿಟ್ಟುಕೊಂಡವನಿಗೆ ಈ ಅಧ್ಯಯನ ಸಾಧ್ಯವಿಲ್ಲ. ಆದ್ದರಿಂದ ನನ್ನ ಮಿತ್ರರ ಹವ್ಯಾಸವು ವಿಜ್ಞಾನಕ್ಕೆ ಹತ್ತಿರವಾದದ್ದೆಂದು ಒಪ್ಪುತ್ತೇನೆ.

ಆದರೆ ಈ ನಾಣ್ಯಗಳಿಗೆ ಲಿಯೋನ್‍ನ ಕಥೆಯೊಂದೇ ಇರುವುದಲ್ಲ; ಕನ್ನಡ ನಾಡಿನ ಕಥೆಯೂ ಇದೆ. ನಮ್ಮ ಮೆಣಸು, ರತ್ನ, ನವುರಾದ ಬಟ್ಟೆಗಳಿಗಾಗಿ ರೋಮನ್ನರು ಚಿನ್ನ ಬೆಳ್ಳಿಗಳನ್ನು ಹಡಗಿನಲ್ಲಿ ಕಳುಹಿಸುತ್ತಿದ್ದರು. ವರ್ಷವೊಂದಕ್ಕೆ ಐದು ಕೋಟಿ ಸೆಸ್ಟರ್ಸ್‍ಗಳಿಗೆ ಕಡಿಮೆಯಿಲ್ಲದಷ್ಟು ಹಣವು ಭಾರತಕ್ಕೆ ಸೋರಿಹೋಗುತ್ತಿದೆಯೆಂದು ಒಂದನೆಯ ಶತಮಾನದ ಪ್ಲಿನಿ ಬರೆದಿದ್ದಾನೆ. ನಾಲ್ಕು ಸೆಸ್ಟರ್ಸ್‍ಗೆ ಒಂದು ಡಿನೇರಿಯಸ್ ಆದ್ದರಿಂದ ಇದು ಒಂದು ಕೋಟಿ ಇಪ್ಪತ್ತೈದು ಲಕ್ಷ ಬೆಳ್ಳಿ ನಾಣ್ಯಗಳ ಬೆಲೆಯಾಯಿತು. ಈ ಅಂಕಿಯಲ್ಲಿ ಉತ್ಪ್ರೇಕ್ಷೆಯಿದ್ದರೂ, ನಾಣ್ಯಗಳು ಬಂದದ್ದಕ್ಕೆ ನೆಲವೇ ಸಾಕ್ಷಿ ನುಡಿಯುತ್ತದೆ.

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದರು. ಆ ನೆಲೆಯಲ್ಲಿ ಸಾತವಾಹನರ ಕಾಲದ ನಾಣ್ಯಗಳ ಜೊತೆಗೆ ಆಗಸ್ಟಸ್ ಮತ್ತು ಟೈಬೀರಿಯಸ್ಸರ ಬೆಳ್ಳಿಯ ನಾಣ್ಯಗಳು ದೊರೆತಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲುದಾರಿಯ ಕೆಲಸಕ್ಕೆ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. 1965ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ವಿಮಾನ ನಿಲ್ದಾಣದ ನೆಲದಲ್ಲಿ 256 ಬೆಳ್ಳಿ ನಾಣ್ಯಗಳ ಇನ್ನೊಂದು ನಿಧಿ ಹೊರಬಂದಿತು. ಭೂಪಟವನ್ನು ಬಿಡಿಸಿ ನೋಡಿದರೆ, ಒಂದು ತುದಿಯಲ್ಲಿ ಚಂದ್ರವಳ್ಳಿ, ಇನ್ನೊಂದು ತುದಿಯಲ್ಲಿ ಬೆಂಗಳೂರು. ನಡುವೆ ಸುಮಾರು ಇನ್ನೂರು ಕಿಲೋಮೀಟರುಗಳ ಅಂತರ. ಆ ಅಂತರದಲ್ಲಿರುವುದೇ ನಮ್ಮ ತುಮಕೂರಿನ ಸೀಮೆ. ಅಂದಿನ ವರ್ತಕರು ಈ ಸೀಮೆಯ ಮೂಲಕ ಹಾದುಹೋದರೋ, ಬೇರೆ ದಾರಿ ಹಿಡಿದರೋ? ಕುಣಿಗಲ್ಲಿನ ನೆಲದಲ್ಲಿ ನಿಜವಾಗಿಯೂ ಒಂದು ಡಿನೇರಿಯಸ್ ಸಿಕ್ಕಿದ್ದರೆ ಈ ಪ್ರಶ್ನೆಗೆ ಅದು ಬೆಲೆಯುಳ್ಳ ಸಾಕ್ಷ್ಯವಾಗುತ್ತಿತ್ತು. ‘ಕುಣಿಗಲ್ ಕಡೆಯದಂತೆ’ ಎಂಬ ಮಾತನ್ನು ಭೂಪಟದ ಮೇಲೆ ಎಲ್ಲಿ ಗುರುತಿಸುವುದು?

ಇನ್ನೊಂದು ನಷ್ಟವು ಇದಕ್ಕಿಂತ ಸೂಕ್ಷ್ಮವಾದದ್ದು. ಒಬ್ಬನೇ ಚಕ್ರವರ್ತಿಯ ನಾಣ್ಯಗಳನ್ನು ಆರಿಸುವವರು ಅದನ್ನು ವಿಶೇಷವಾಗಿ ಗಮನಿಸಬೇಕು. ಒಂದು ನಿಧಿಯಲ್ಲಿ ನೂರು ನಾಣ್ಯಗಳಿವೆಯೆಂದು ಭಾವಿಸೋಣ. ಅರುವತ್ತು ಟೈಬೀರಿಯಸ್ಸನವು, ಮೂವತ್ತೊಂಬತ್ತು ಆಗಸ್ಟಸ್ಸನವು, ಒಂದೇ ಒಂದು ಕ್ಲಾಡಿಯಸ್ಸನದು. ಟೈಬೀರಿಯಸ್ಸನ ಅಭಿಮಾನಿಯೊಬ್ಬ ತನ್ನ ಅರುವತ್ತನ್ನು ಆರಿಸಿಕೊಂಡನು; ಮಿಕ್ಕವು ಅಕ್ಕಸಾಲೆಯ ಮೂಸೆಗೆ ಹೋದವು. ಅವನ ಪೆಟ್ಟಿಗೆಯನ್ನು ನೋಡಿದವರು, ಈ ಹಣ ಕ್ರಿ. ಶ. 37ರ ಸುಮಾರಿಗೇ ಹೂಳಲ್ಪಟ್ಟಿರಬಹುದೆಂದು ಊಹಿಸುತ್ತಾರೆ. ನಿಜಸ್ಥಿತಿ ಬೇರೆ. ಕ್ಲಾಡಿಯಸ್ ಪಟ್ಟಕ್ಕೆ ಬಂದದ್ದು ಕ್ರಿ. ಶ. 41ರಲ್ಲಿ, ಅವನ ಒಂದು ನಾಣ್ಯ ಗಡಿಗೆಯಲ್ಲಿದ್ದರೆ ಆ ಗಡಿಗೆಯನ್ನು ಅದಕ್ಕೆ ಮುಂಚೆ ಹೂಳಿರಲು ಸಾಧ್ಯವೇ ಇಲ್ಲ. ನಿಧಿಯ ಕಾಲವನ್ನು ಹೇಳುವುದು ಅದರಲ್ಲಿನ ಅತ್ಯಂತ ಈಚಿನ ನಾಣ್ಯ. ಸಾಮಾನ್ಯವಾಗಿ ಅದು ಒಂದೋ ಎರಡೋ ಇರುತ್ತದೆ. ಯಶವಂತಪುರದ ನಿಧಿಯಲ್ಲಿ ಆಗಸ್ಟಸ್ಸನಿಂದ ಕ್ಲಾಡಿಯಸ್ಸನವರೆಗಿನ ನಾಣ್ಯಗಳಿದ್ದವೆಂದು ನಾವು ತಿಳಿದಿರುವುದು ಅದನ್ನು ಒಡೆಯದೆ ಒಟ್ಟಾಗಿ ಪರೀಕ್ಷಿಸಿದ್ದರಿಂದ.

ಕಾಲನಿರ್ಣಯಕ್ಕೆ ಇಷ್ಟು ಮಹತ್ವವೇಕೆಂದರೆ, ರೋಮನ್ ನಾಣ್ಯಗಳು ಭಾರತಕ್ಕೆ ಬಂದದ್ದು ಯಾವಾಗ ಎಂಬುದೇ ವಿದ್ವಾಂಸರಲ್ಲಿ ಚರ್ಚೆಯ ವಿಷಯವಾಗಿದೆ. ಕ್ರಿ. ಶ. 64ರ ಸುಮಾರಿಗೆ ನೀರೋ ಚಕ್ರವರ್ತಿಯು ನಾಣ್ಯವನ್ನು ಹಗುರಗೊಳಿಸಿದನು. ಅದುವರೆಗೆ ಸುಮಾರು 325 ಗ್ರಾಂ ತೂಗುವ ಒಂದು ರೋಮನ್ ಪೌಂಡು ಬೆಳ್ಳಿಗೆ 84 ಡಿನೇರಿಯಸ್ ಎಂಬ ಲೆಕ್ಕವಿತ್ತು. ಅವನು ಅದನ್ನು 96ಕ್ಕೆ ಏರಿಸಿದನು. ಆ ಲೆಕ್ಕದಲ್ಲಿ ನಾಣ್ಯದ ತೂಕ ಸುಮಾರು 3.9 ಗ್ರಾಂನಿಂದ 3.4 ಗ್ರಾಂಗೆ ಇಳಿಯಿತು. ಬೆಳ್ಳಿಯ ಶುದ್ಧತೆಯೂ ತಗ್ಗಿತು. ಬೆಳ್ಳಿಯನ್ನು ತೂಗಿ ನೋಡುತ್ತಿದ್ದ ನಮ್ಮ ವರ್ತಕರು ಹಳೆಯ ನಾಣ್ಯವನ್ನೇ ಬಯಸಿದ್ದರೆ ಆಶ್ಚರ್ಯವಿಲ್ಲ. ಹಾಗಾದರೆ ಟೈಬೀರಿಯಸ್ಸನ ನಾಣ್ಯ ಅವನ ಕಾಲದಲ್ಲಿಯೇ ಬಂದಿತೋ, ಅವನು ಸತ್ತು ಹಲವು ದಶಕಗಳಾದ ಮೇಲೆ ಬಂದಿತೋ? ನಾಣ್ಯದ ಮೇಲಿನ ಮುಖ ಇದನ್ನು ಹೇಳಲಾರದು. ಅದರೊಡನಿದ್ದ ಇತರ ನಾಣ್ಯಗಳು, ಅವುಗಳ ಸವೆತ, ಮಣ್ಣಿನ ಪದರ, ಪಕ್ಕದ ಮಡಕೆಯ ಚೂರು ಇವೇ ಹೇಳಬೇಕು.

ಪ್ಲಿನಿ ಸಿಂಹಳದ ರಾಜನ ಪ್ರಸಂಗವೊಂದನ್ನು ಹೇಳುತ್ತಾನೆ. ಗಾಳಿಗೆ ಸಿಕ್ಕಿ ಅಲ್ಲಿಗೆ ಬಂದ ರೋಮನ್ನನೊಬ್ಬನ ಬಳಿಯಿದ್ದ ಡಿನೇರಿಯಸ್‍ಗಳಲ್ಲಿ ಬೇರೆ ಬೇರೆ ಅರಸರ ಮುಖಗಳಿದ್ದರೂ ತೂಕ ಮಾತ್ರ ಒಂದೇ ಆಗಿರುವುದನ್ನು ಕಂಡು ರಾಜನು ರೋಮನ್ನರ ಪ್ರಾಮಾಣಿಕತೆಯನ್ನು ಮೆಚ್ಚಿದನಂತೆ. ಒಂದೇ ಮುಖದ ನಾಣ್ಯಗಳನ್ನಷ್ಟೇ ತೋರಿಸಿದ್ದರೆ ಅವನಿಗೆ ಆ ಸಂಗತಿ ತಿಳಿಯುತ್ತಿತ್ತೆ? ನಾಣ್ಯಗಳು ಕೂಡಿದ್ದಾಗ ಹೇಳುವುದನ್ನು ಬಿಡಿಯಾಗಿ ಹೇಳಲಾರವು.

ಹುಣಸೆಹಣ್ಣಿನ ವಿಷಯವನ್ನೂ ಹೇಳಿಬಿಡುತ್ತೇನೆ. ನೆಲದಲ್ಲಿ ಶತಮಾನಗಳ ಕಾಲ ಬಿದ್ದಿರುವ ಬೆಳ್ಳಿಯ ಮೇಲೆ ಮಣ್ಣಿನ ಲವಣಗಳ ಕ್ಲೋರಿನ್ ಸೇರಿ ಬೂದುಬಣ್ಣದ ಬೆಳ್ಳಿಯ ಕ್ಲೋರೈಡಿನ ಪೊರೆ ಕಟ್ಟುತ್ತದೆ. ಮಿಶ್ರಲೋಹದಲ್ಲಿದ್ದ ತಾಮ್ರವು ಮೇಲ್ಮೈಯಿಂದ ಕ್ರಮೇಣ ಕರಗಿಹೋಗುತ್ತದೆ. ಕೆಲವೊಮ್ಮೆ ನಾಣ್ಯವನ್ನು ಕಟ್ಟಿಟ್ಟ ಬಟ್ಟೆಯ ನೇಯ್ಗೆಯ ಗುರುತು ಆ ಪೊರೆಯಲ್ಲಿ ಉಳಿದಿರುತ್ತದೆ. ಹುಳಿ ಹಚ್ಚಿ ತಿಕ್ಕಿದಾಗ ಕೊಳೆಯೊಂದಿಗೆ ಈ ಸಾಕ್ಷ್ಯವೂ ತೊಳೆದುಹೋಗುತ್ತದೆ; ಅಕ್ಷರಗಳ ಅಂಚೂ ಸವೆಯುತ್ತದೆ. ಸಿಕ್ಕ ನಾಣ್ಯವನ್ನು ತೊಳೆಯದೆ, ಮಣ್ಣುಸಹಿತ ಕಾಗದದಲ್ಲಿ ಸುತ್ತಿಡುವುದೇ ಉತ್ತಮ.

ಇದಕ್ಕೆ ನನ್ನ ಮಿತ್ರರ ಪ್ರತಿವಾದವೂ ಉಂಟು. “ನಾನು ಕೊಳ್ಳದಿದ್ದರೆ ಅದು ಕರಗಿ ಕಾಲ್ಗೆಜ್ಜೆಯಾಗುತ್ತಿತ್ತು. ಉಳಿಸಿದ್ದು ತಪ್ಪೇ?” ಎಂದು ಕೇಳಿದರು. ಮಾತಿನಲ್ಲಿ ಸತ್ಯವಿದೆ. ಆದರೆ ಮೂಲವನ್ನು ಕೇಳದೆ ಕೊಳ್ಳುವವರು ಇದ್ದಾರೆಂದು ತಿಳಿದರೆ, ಸಿಕ್ಕಿದವನು ಹೇಳದೆ ಮಾರುವುದನ್ನು ಕಲಿಯುತ್ತಾನೆ; ನಿಧಿ ಹತ್ತು ಕೈಗಳಿಗೆ ಹಂಚಿಹೋಗುತ್ತದೆ. ಒಂದು ನಾಣ್ಯವನ್ನು ಉಳಿಸಿದ ಕೊಳ್ಳುವಿಕೆಯೇ ತೊಂಬತ್ತೊಂಬತ್ತನ್ನು ಚದುರಿಸಲು ಕಾರಣವಾಗಬಹುದು.

ಕಾನೂನು ಇಲ್ಲದಿಲ್ಲ. ಕರ್ನಾಟಕದ 1962ರ ನಿಧಿ ಕಾಯಿದೆಯಂತೆ ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸತಕ್ಕದ್ದು. ನೂರು ವರ್ಷಕ್ಕೆ ಮೇಲ್ಪಟ್ಟ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಸಲ್ಲದು. ಆದರೂ ಸಿಕ್ಕಿದವರು ಏಕೆ ತಿಳಿಸುವುದಿಲ್ಲ? ಹೊಲ ಹೋಗುತ್ತದೆ, ಪೊಲೀಸರು ಬರುತ್ತಾರೆ, ಕೆಲಸ ನಿಲ್ಲುತ್ತದೆ, ಕೈಗೆ ಏನೂ ಬರುವುದಿಲ್ಲ ಎಂಬ ಭಯವೇ ಕಾರಣ. ಭಯದಿಂದ ಸತ್ಯ ಹೊರಬರುವುದಿಲ್ಲ. ಬ್ರಿಟನ್ನಿನಲ್ಲಿ 1996ರ ನಿಧಿ ಶಾಸನದಂತೆ, ವಸ್ತುಸಂಗ್ರಹಾಲಯವು ನಿಧಿಯನ್ನು ಇಟ್ಟುಕೊಂಡರೆ ಮಾರುಕಟ್ಟೆಯ ಬೆಲೆಗೆ ಸಮನಾದ ಬಹುಮಾನವನ್ನು ಕೊಡುವ ಪದ್ಧತಿಯಿದೆ. 1997ರಲ್ಲಿ ಆರಂಭವಾದ ದಾಖಲೆ ಯೋಜನೆಯಲ್ಲಿ ಸಾಮಾನ್ಯ ಜನರು ತೋರಿಸಿದ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು ದೊರೆತ ಸ್ಥಳದೊಡನೆ ನಮೂದಾಗಿವೆ.

ನಮ್ಮಲ್ಲಿಯೂ ಮೂರು ಕೆಲಸಗಳು ಆಗಬೇಕೆಂದು ನನ್ನ ಅಭಿಪ್ರಾಯ. ತಿಳಿಸಿದ ರೈತನಿಗೆ ಬಹುಮಾನವು ವರ್ಷಗಟ್ಟಲೆ ಕಾಯಿಸದೆ ದೊರೆಯಬೇಕು. ನಾಣ್ಯಗಳನ್ನು ಅಭ್ಯಾಸಮಾಡಿದ ಮೇಲೆ, ದೊರೆತ ತಾಲ್ಲೂಕಿನ ಜನರಿಗೆ ಅವುಗಳನ್ನು ತೋರಿಸಬೇಕು. ಪಕ್ಕದಲ್ಲಿ ಸಿಕ್ಕಿದವನ ಹೆಸರಿರಲಿ. ಕೆರೆಯ ಹೂಳೆತ್ತುವಲ್ಲಿ, ರಸ್ತೆಗೆ ನೆಲ ಅಗೆಯುವಲ್ಲಿ ಕೆಲಸಮಾಡುವವರಿಗೆ, ಹಳೆಯ ವಸ್ತು ಕಂಡರೆ ಏನು ಮಾಡಬೇಕೆಂಬುದನ್ನು ಕನ್ನಡದಲ್ಲಿ ಅಚ್ಚುಮಾಡಿದ ಒಂದು ಹಾಳೆಯಲ್ಲಿ ತಿಳಿಸಬೇಕು. ಸಂಗ್ರಾಹಕರ ಪಾಲಿನ ಕರ್ತವ್ಯವೂ ಸರಳ: ಮೂಲದ ದಾಖಲೆಯಿರುವ ಹಳೆಯ ಸಂಗ್ರಹಗಳ ನಾಣ್ಯಗಳನ್ನಷ್ಟೇ ಕೊಳ್ಳಲಿ; ನಮ್ಮ ನೆಲದಿಂದ ಈಗ ಬಂದದ್ದೆಂದು ಯಾರಾದರೂ ಹೇಳಿದರೆ, ಹಣ ಕೊಡುವ ಬದಲು ಅವರನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಕರೆದೊಯ್ಯಲಿ.

ಮೊನ್ನೆ ಮಿತ್ರರು ಮತ್ತೆ ಪೆಟ್ಟಿಗೆಯನ್ನು ತೆರೆದು ತೋರಿಸಿದರು. ಹದಿನೆಂಟನೆಯ ನಾಣ್ಯ ಸಾಲಿನಲ್ಲಿರಲಿಲ್ಲ. ಅದನ್ನು ಬೇರೆ ಡಬ್ಬಿಯಲ್ಲಿಟ್ಟಿದ್ದರು. ಅದರ ಕುರಿತು ತಿಳಿಸಲು ಜಿಲ್ಲಾಧಿಕಾರಿಗಳಿಗೆ ಬರೆದ ಅರ್ಜಿಯೂ ಮೇಜಿನ ಮೇಲಿತ್ತು. ಮಾರಿದವನನ್ನು ವಿಚಾರಿಸಲು ಅವರು ಎರಡು ಸಂತೆಗಳಿಗೆ ಹೋಗಿಬಂದರಂತೆ, ಅವನು ಸಿಗಲಿಲ್ಲ. ಅರ್ಜಿಯಲ್ಲಿ ತೂಕ, ಅಳತೆ, ಕೊಂಡ ದಿನ, ಕೊಟ್ಟ ಬೆಲೆ ಎಲ್ಲವೂ ಇದ್ದವು. ‘ದೊರೆತ ಸ್ಥಳ’ ಎಂಬುದರ ಮುಂದೆ ಮಾತ್ರ ಏನೂ ಬರೆದಿರಲಿಲ್ಲ.