ಗೃಹನಿರ್ಮಾಣದ ಗುತ್ತಿಗೆದಾರರೂ ಸರ್ಕಾರದ ಕರ್ತವ್ಯವೂ

ಮನೆಯ ನಕ್ಷೆಯನ್ನು ಬರೆಯುವವನು ತಾನು ವಾಸ್ತುಶಿಲ್ಪಿಯೆಂದು ಹೇಳಿಕೊಳ್ಳಬೇಕಾದರೆ 1972ರ ಕಾಯಿದೆಯ ಮೇರೆಗೆ ಪರಿಷತ್ತಿನ ಪುಸ್ತಕದಲ್ಲಿ ಅವನ ಹೆಸರಿರಬೇಕು. ಆ ಮನೆಗೆ ವಿದ್ಯುತ್ತಿನ ತಂತಿಯನ್ನೆಳೆಯುವವನು ಸರ್ಕಾರದ ಪರವಾನಗಿಯನ್ನು ಪಡೆದಿರಬೇಕು. ಸರ್ಕಾರಕ್ಕೆ ಒಂದು ಸೇತುವೆಯನ್ನೋ ಶಾಲೆಯ ಕೊಠಡಿಯನ್ನೋ ಕಟ್ಟಿಕೊಡುವವನು ಲೋಕೋಪಯೋಗಿ ಇಲಾಖೆಯ ದರ್ಜೆವಾರು ಪಟ್ಟಿಯಲ್ಲಿ ಸೇರಿರಬೇಕು. ದೊಡ್ಡ ಬಡಾವಣೆಯ ಮನೆಗಳನ್ನು ಮಾರಿಸಿಕೊಟ್ಟು ದಲ್ಲಾಳಿಯನ್ನು ಪಡೆಯುವವನು ಕೂಡ 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯಂತೆ ನೋಂದಾಯಿಸಿಕೊಳ್ಳಬೇಕು. ಆದರೆ ಒಬ್ಬ ಗೃಹಸ್ಥನು ತನ್ನ ನಿವೇಶನದಲ್ಲಿ ಕಟ್ಟಿಸುವ ಮನೆಯ ಪಾಯವನ್ನು ತೋಡಿಸಿ, ಕಂಬಗಳನ್ನೆಬ್ಬಿಸಿ, ತಾರಸಿಯನ್ನು ಹಾಕಿಸುವ ಗುತ್ತಿಗೆದಾರನಿಗೆ ಮಾತ್ರ ಯಾವ ಪರೀಕ್ಷೆಯೂ ಇಲ್ಲ, ಯಾವ ಪ್ರಮಾಣಪತ್ರವೂ ಇಲ್ಲ, ಯಾವ ಪಟ್ಟಿಯೂ ಇಲ್ಲ. ಬೆಳಗ್ಗೆ ಹೆಸರಿನ ಚೀಟಿಯನ್ನು ಅಚ್ಚು ಹಾಕಿಸಿದವನು ಸಂಜೆಯ ವೇಳೆಗೆ ಮೂರು ಅಂತಸ್ತಿನ ಮನೆಯ ಗುತ್ತಿಗೆಯನ್ನು ಹಿಡಿಯಬಹುದು. ಗುತ್ತಿಗೆದಾರನು ಎಷ್ಟು ಮಂದಿ ಕೂಲಿಗಳನ್ನು ಇಟ್ಟುಕೊಂಡಿದ್ದಾನೆಂದು ವಿಚಾರಿಸುವ ಕಾಯಿದೆಗಳುಂಟು. ಅವನು ಕೆಲಸವನ್ನು ಬಲ್ಲನೇ ಎಂದು ಕೇಳುವ ಕಾಯಿದೆಯೊಂದೂ ಇಲ್ಲ. ಈ ವೈಪರೀತ್ಯವನ್ನು ನಾವು ಸರ್ಕಾರದ ಮತ್ತು ನಾಗರಿಕರ ಲಕ್ಷ್ಯಕ್ಕೆ ತರಬಯಸುತ್ತೇವೆ.

2016ರ ಕಾಯಿದೆಯೇ ಸಾಲದೆ ಎಂದು ಕೆಲವರು ಕೇಳಬಹುದು. ಆ ಕಾಯಿದೆಯಿಂದ ಆಗಿರುವ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಕೊಳ್ಳುವವರಿಂದ ಪಡೆದ ಹಣದಲ್ಲಿ ನೂರಕ್ಕೆ 70 ಭಾಗವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ನಿರ್ಮಾಣಕ್ಕೆ ವೆಚ್ಚಮಾಡಬೇಕೆಂದೂ, ಮನೆಯನ್ನು ವಶಕ್ಕೆ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದಲ್ಲಿ ದೋಷವು ಕಂಡುಬಂದರೆ 30 ದಿನಗಳಲ್ಲಿ ವೆಚ್ಚವಿಲ್ಲದೆ ಸರಿಪಡಿಸಿಕೊಡಬೇಕೆಂದೂ ಅದು ವಿಧಿಸಿದೆ. ಆದರೆ ಆ ರಕ್ಷಣೆಯು ಕಟ್ಟಿ ಮಾರುವ ಪ್ರವರ್ತಕನಿಂದ ಮನೆ ಕೊಳ್ಳುವವರಿಗೆ ಮೀಸಲಾದುದು. 500 ಚದರ ಮೀಟರಿಗೆ ಮೀರದ ನೆಲದ ಯೋಜನೆಗಳಿಗೂ ಎಂಟಕ್ಕೆ ಮೀರದ ವಸತಿಗಳ ಕಟ್ಟಡಗಳಿಗೂ ಅದರಲ್ಲಿ ನೋಂದಣಿಯ ಬಂಧನವಿಲ್ಲ. ನಮ್ಮ ಪಟ್ಟಣಗಳ ಸಾಮಾನ್ಯ ಗೃಹಸ್ಥನ ನಿವೇಶನವೋ ಮೂವತ್ತು ನಲವತ್ತು ಅಡಿಯದು. ಅಂದರೆ ಸುಮಾರು 111 ಚದರ ಮೀಟರು. ಅವನು ಮಾರುವುದಕ್ಕಾಗಿ ಕಟ್ಟಿಸುತ್ತಿಲ್ಲ, ವಾಸಕ್ಕಾಗಿ ಕಟ್ಟಿಸುತ್ತಿದ್ದಾನೆ. ಆದುದರಿಂದ ಅವನ ಗುತ್ತಿಗೆದಾರನು ಈ ಕಾಯಿದೆಯ ದೃಷ್ಟಿಗೇ ಬೀಳುವುದಿಲ್ಲ. ಐವತ್ತು ಮನೆಗಳ ಸಮುಚ್ಚಯದಲ್ಲಿ ಒಂದನ್ನು ಕೊಂಡ ಶ್ರೀಮಂತನಿಗೆ ಐದು ವರ್ಷದ ಹೊಣೆಯುಂಟು. ಭವಿಷ್ಯನಿಧಿಯ ಹಣವನ್ನೂ ಬ್ಯಾಂಕಿನ ಸಾಲವನ್ನೂ ಸೇರಿಸಿ ನಾಲ್ಕು ಗೋಡೆಗಳನ್ನೆಬ್ಬಿಸುವ ನಿವೃತ್ತ ಉಪಾಧ್ಯಾಯನಿಗೆ ಐದು ದಿನದ ಹೊಣೆಯೂ ಇಲ್ಲ.

ಬಳಕೆದಾರರ ನ್ಯಾಯಪೀಠವಿದೆಯಲ್ಲ ಎಂಬ ಸಮಾಧಾನವೂ ಉಂಟು. ಗೃಹನಿರ್ಮಾಣವು ಒಂದು ಸೇವೆಯೆಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿಯೇ ತೀರ್ಮಾನಿಸಿತು. 2019ರ ಬಳಕೆದಾರರ ಸಂರಕ್ಷಣಾ ಕಾಯಿದೆಯೂ ಅದನ್ನು ಸೇವೆಗಳ ಸಾಲಿನಲ್ಲಿ ಸೇರಿಸಿದೆ. ಆದರೆ ಇದು ಮನೆ ಕೆಟ್ಟ ಮೇಲಿನ ಮಾತು. ಫಿರ್ಯಾದನ್ನು ವ್ಯಾಜ್ಯಕಾರಣವುಂಟಾದ ಎರಡು ವರ್ಷಗಳೊಳಗೆ ಹೂಡಬೇಕು, ಕರಾರನ್ನು ರುಜುಪಡಿಸಬೇಕು, ದೋಷವನ್ನು ತಜ್ಞರಿಂದ ತೋರಿಸಬೇಕು. ಚದರಕ್ಕಿಷ್ಟೆಂದು ಬಾಯಿಮಾತಿನಲ್ಲಿ ದರವನ್ನು ಗೊತ್ತುಮಾಡಿ, ಹಾಳೆಯ ಚೂರೊಂದರಲ್ಲಿ ಕಂತುಗಳನ್ನು ಗುರುತು ಹಾಕಿಕೊಂಡ ಗೃಹಸ್ಥನು ಯಾವುದನ್ನು ರುಜುಪಡಿಸಿಯಾನು? ಅವನ ಪರವಾಗಿ ತೀರ್ಪಾದರೂ, ಸ್ವಂತ ಕಚೇರಿಯಾಗಲಿ ಆಸ್ತಿಯಾಗಲಿ ಇಲ್ಲದ, ಅಷ್ಟರೊಳಗೆ ಬೇರೆ ಊರಿಗೆ ಹೊರಟುಹೋದ ಗುತ್ತಿಗೆದಾರನಿಂದ ವಸೂಲು ಮಾಡುವ ಬಗೆ ಯಾವುದು?

ಇತರ ವ್ಯಾಪಾರಗಳಿಗೂ ಇದಕ್ಕೂ ಒಂದು ದೊಡ್ಡ ಭೇದವಿದೆ. ಬಟ್ಟೆಯನ್ನು ಕೊಳ್ಳುವವನು ಅದನ್ನು ಬೆಳಕಿಗೆ ಹಿಡಿದು ನೋಡಬಹುದು. ಅಕ್ಕಿಯನ್ನು ಅಂಗೈಯಲ್ಲಿ ಹಾಕಿಕೊಂಡು ಪರೀಕ್ಷಿಸಬಹುದು. ಮನೆಯಲ್ಲಿ ಪ್ರಾಣಾಧಾರವಾದುದೆಲ್ಲ ಮುಚ್ಚಿಹೋಗುತ್ತದೆ. ಕಾಂಕ್ರೀಟಿನೊಳಗೆ ಕಂಬಿ ಎಷ್ಟಿದೆ, ಅದರ ಮೇಲಿನ ಹೊದಿಕೆ ಎಷ್ಟು ದಪ್ಪವಿದೆ, ನೀರು ಹೆಚ್ಚಾಗಿತ್ತೇ ಕಡಿಮೆಯಾಗಿತ್ತೇ ಎಂಬುದನ್ನು ಗಾರೆ ಬಳಿದು ಸುಣ್ಣ ಹೊಡೆದ ಮೇಲೆ ಕಾಣುವವರಾರು? ಭಾರತೀಯ ಮಾನಕ ಸಂಸ್ಥೆಯು 2000ದಲ್ಲಿ ಪರಿಷ್ಕರಿಸಿದ ಐ.ಎಸ್. 456 ಎಂಬ ಮಾನಕವು ಈ ವಿಷಯಗಳನ್ನೆಲ್ಲ ಸ್ಪಷ್ಟವಾಗಿ ಹೇಳಿದೆ. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿನದಕ್ಕೆ ಕನಿಷ್ಠ 10 ದಿನ ನೀರುಣಿಸಬೇಕು. ನಾಲ್ಕೂವರೆ ಮೀಟರಿನವರೆಗಿನ ತಾರಸಿಯ ಊರುಗೋಲುಗಳನ್ನು 7 ದಿನಕ್ಕೆ ಮುಂಚೆ, ಅದಕ್ಕೂ ಅಗಲವಾದುದರ ಊರುಗೋಲುಗಳನ್ನು 14 ದಿನಕ್ಕೆ ಮುಂಚೆ ತೆಗೆಯಬಾರದು. ಆರು ಮೀಟರಿಗೆ ಮೀರಿದ ತೊಲೆಯಾದರೆ 21 ದಿನ ಕಾಯಬೇಕು. ಆದರೆ ಸೆಂಟ್ರಿಂಗಿನ ಹಲಗೆಗಳನ್ನು ದಿನಬಾಡಿಗೆಗೆ ತಂದ ಗುತ್ತಿಗೆದಾರನಿಗೆ ಒಂದೊಂದು ದಿನವೂ ನಷ್ಟ. ಕಂಬಿಯ ಒಂದೊಂದು ತುಂಡೂ ಲಾಭ. ತಿಳಿದವನಿಗೇ ಈ ಲೋಭವನ್ನು ಗೆಲ್ಲುವುದು ಕಷ್ಟವಾಗಿರುವಾಗ, ನಿಯಮವೆಂಬುದೊಂದಿದೆಯೆಂದೇ ತಿಳಿಯದವನ ಕೈಯಲ್ಲಿ ಜನರ ತಲೆಯ ಮೇಲಿನ ಸೂರನ್ನು ಇಟ್ಟಿದ್ದೇವೆ.

ಇದರ ಫಲವು ಹಣದ ನಷ್ಟದಲ್ಲಿಯೇ ನಿಲ್ಲುವುದಿಲ್ಲ. 1983ರಲ್ಲಿ ಬೆಂಗಳೂರಿನ ಗಂಗಾರಾಂ ಕಟ್ಟಡವು ಕುಸಿದು ನೂರಕ್ಕೂ ಹೆಚ್ಚು ಜನರು ಮಡಿದುದನ್ನು ಹಿರಿಯರು ಮರೆತಿರಲಾರರು. 2019ರ ಮಾರ್ಚಿಯಲ್ಲಿ ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದು ಉರುಳಿ 19 ಜನರ ಪ್ರಾಣ ಹೋಯಿತು. 2024ರ ಅಕ್ಟೋಬರಿನ ಮಳೆಯಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದ ಕಟ್ಟಡದಡಿಯಲ್ಲಿ ಸಿಕ್ಕಿ ಸತ್ತವರು ಅದನ್ನೇ ಕಟ್ಟುತ್ತಿದ್ದ ಕೂಲಿಕಾರರು. ಈ ಅನರ್ಥಗಳಿಗೆಲ್ಲ ಗುತ್ತಿಗೆದಾರರೊಬ್ಬರೇ ಕಾರಣರೆಂದು ನಾವು ಹೇಳುವುದಿಲ್ಲ. ಮಾಲೀಕರ ದುರಾಶೆಯೂ ಅಧಿಕಾರಿವರ್ಗದ ಔದಾಸೀನ್ಯವೂ ಇಂತಹವುಗಳಲ್ಲಿ ಪಾಲುಗೊಳ್ಳುತ್ತವೆ. ಆದರೆ ಪ್ರತಿ ಸಲವೂ ವಿಚಾರಣೆ, ಪರಿಹಾರಧನ, ಅಮಾನತುಗಳ ಸದ್ದು ಅಡಗಿದ ಮೇಲೆ, ಕಟ್ಟುವವನ ಯೋಗ್ಯತೆಯೇನೆಂಬ ಪ್ರಶ್ನೆಯು ಇದ್ದಲ್ಲಿಯೇ ಉಳಿದಿದೆ.

ಇತರ ದೇಶಗಳು ಈ ಪ್ರಶ್ನೆಯನ್ನು ಬಿಡಿಸಿಕೊಂಡಿರುವ ರೀತಿಯನ್ನು ನೋಡುವುದು ಲೇಸು. ಅಮೇರಿಕಾ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾದಲ್ಲಿ ಗುತ್ತಿಗೆದಾರರ ಪರವಾನಗಿಯ ಮಂಡಲಿಯು 1929ರಲ್ಲಿಯೇ ಹುಟ್ಟಿತು. ಅಲ್ಲಿ ಮನೆಯ ಸುಧಾರಣೆಯ ಗುತ್ತಿಗೆಗಳಲ್ಲಿ ನೂರಕ್ಕೆ ಹತ್ತು ಭಾಗ ಅಥವಾ ಸಾವಿರ ಡಾಲರು, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚಿಗೆ ಮುಂಗಡವನ್ನು ಕೇಳುವಂತಿಲ್ಲ. ಫ್ಲಾರಿಡಾ ಸಂಸ್ಥಾನವು ಎರಡು ಬಗೆಯನ್ನು ಮಾಡಿದೆ: ಸಂಸ್ಥಾನದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರವನ್ನು ಪಡೆದವನು ಸಂಸ್ಥಾನದಲ್ಲೆಲ್ಲಾ ಕೆಲಸ ಮಾಡಬಹುದು, ಸ್ಥಳೀಯ ಅರ್ಹತೆಯ ಮೇಲೆ ನೋಂದಣಿಯನ್ನು ಮಾತ್ರ ಪಡೆದವನು ಆ ಸ್ಥಳದ ಎಲ್ಲೆಯೊಳಗೆ ಮಾತ್ರ ಮಾಡಬಹುದು. ವಾಸದ ಮನೆಗಳನ್ನು ಕಟ್ಟುವವರಿಗೆ ಅಲ್ಲಿ ಬೇರೆಯೇ ಒಂದು ದರ್ಜೆಯುಂಟು. ಪರವಾನಗಿಯುಳ್ಳ ಗುತ್ತಿಗೆದಾರನಿಂದ ಮೋಸಹೋಗಿ ಬೇರೆ ದಾರಿ ಕಾಣದ ಗೃಹಸ್ಥನಿಗೆ ನೆರವಾಗಲು ನಿಧಿಯೊಂದನ್ನೂ ಇಟ್ಟಿದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತವು 1989ರ ಗೃಹನಿರ್ಮಾಣ ಕಾಯಿದೆಯಿಂದ ಐದು ಸಾವಿರ ಡಾಲರಿಗೆ ಮೀರಿದ ಕೆಲಸಕ್ಕೆ ಪರವಾನಗಿಯನ್ನು ಕಡ್ಡಾಯ ಮಾಡಿದೆ. ದೊಡ್ಡ ದೋಷಗಳಿಗೆ ಆರು ವರ್ಷ, ಉಳಿದವುಗಳಿಗೆ ಎರಡು ವರ್ಷ ಕಟ್ಟಿದವನೇ ಹೊಣೆ. ಈ ಏರ್ಪಾಡುಗಳು ಪೂರ್ಣವೆಂದು ನಾವು ಹೊಗಳುವುದಿಲ್ಲ. ಆದರೆ ಮನೆ ಕಟ್ಟುವುದು ಸಾರ್ವಜನಿಕ ಕ್ಷೇಮಕ್ಕೆ ಸೇರಿದ ವೃತ್ತಿಯೆಂಬ ತತ್ತ್ವವನ್ನು ಅವರು ಒಪ್ಪಿದ್ದಾರೆ. ನಾವು ಇನ್ನೂ ಒಪ್ಪಿಲ್ಲ.

ಇದು ಪರದೇಶದ ಅನುಕರಣವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಶಾಮಾಶಾಸ್ತ್ರಿಗಳು ಕಂಡುಹಿಡಿದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಪ್ರಜಾಪೀಡೆಯ ನಿವಾರಣೆಗೆ ಮೀಸಲಾದ ಅಧಿಕರಣವು ಕಾರುಕರ ವಿಷಯದಿಂದಲೇ ಮೊದಲಾಗುತ್ತದೆ. ಒಪ್ಪಿದ ಕಾಲಕ್ಕೆ ಒಪ್ಪಿದಂತೆ ಕೆಲಸವನ್ನು ಮಾಡಿಕೊಡದವನಿಗೆ ಕೂಲಿಯ ಕಡಿತವನ್ನೂ ದಂಡವನ್ನೂ ಅವನು ವಿಧಿಸಿದ್ದಾನೆ. ಕುಶಲಿಯನ್ನು ಮನ್ನಿಸಿ ವಂಚಕನನ್ನು ಶಿಕ್ಷಿಸುವುದು ರಾಜಧರ್ಮವೆಂಬುದು ನಮ್ಮ ನೆಲಕ್ಕೆ ಹೊಸ ಮಾತಲ್ಲ.

ಇನ್ನು ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನೋಡೋಣ. ಪರವಾನಗಿ ಎಂದೊಡನೆ ಲಂಚದ ಬಾಗಿಲೊಂದು ಹೊಸದಾಗಿ ತೆರೆಯುವುದೆಂಬುದು ಮೊದಲನೆಯದು. ಈ ಭಯವು ನಿರಾಧಾರವಾದುದಲ್ಲ. ಸಾಹೇಬರ ಮೇಜಿನ ಮೇಲೆ ಕಾಗದವು ನಿದ್ದೆ ಹೋಗುವ ರೀತಿಯನ್ನು ಅರಿಯದ ನಾಗರಿಕನಾರು? ಆದರೆ ಮದ್ದು ನೋಂದಣಿಯನ್ನು ಬಿಡುವುದಲ್ಲ. ಅಧಿಕಾರಿಯ ಇಚ್ಛೆಗೆ ಎಡೆಗೊಡದ ಹಾಗೆ ನಿಯಮಗಳನ್ನು ರಚಿಸುವುದು. ಗೊತ್ತುಪಡಿಸಿದ ದಿನಗಳೊಳಗೆ ತೀರ್ಮಾನವಾಗದ ಅರ್ಜಿಯು ಮಂಜೂರಾದಂತೆಯೇ ಎಂದು ನಿಯಮಿಸಿದರೆ ಪರೀಕ್ಷೆಯಿಲ್ಲದವರು ಒಳನುಗ್ಗುವರು. ಆದುದರಿಂದ ಪರೀಕ್ಷೆಯ ದಿನವನ್ನು ಮೊದಲೇ ಪ್ರಕಟಿಸಿ, ಫಲಿತಾಂಶವನ್ನು ಎಲ್ಲರೂ ಕಾಣುವಂತೆ ಹೊರಪಡಿಸಿ, ವಿಳಂಬಕ್ಕೆ ಅಧಿಕಾರಿಯನ್ನೇ ಹೊಣೆಮಾಡುವುದು ಯುಕ್ತವಾದ ಮಾರ್ಗ.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಗಂಭೀರವಾದುದು. ಓದುಬರಹವಿಲ್ಲದಿದ್ದರೂ ಕೈಗುಣವುಳ್ಳ ಮೇಸ್ತ್ರಿಗಳು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ಸುರ್ಕಿ ಗಾರೆಯಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ನಿಲ್ಲಿಸಿದ ಕೈಗಳ ವಂಶದವರು ಅವರು. ಕಾಗದದ ಪರೀಕ್ಷೆಯನ್ನಿಟ್ಟರೆ ಅವರು ಹೊರಬಿದ್ದು, ಪುಸ್ತಕವನ್ನು ಬಾಯಿಪಾಠ ಮಾಡಿದ, ಕರಣೆಯನ್ನೇ ಹಿಡಿಯದ ಮಂದಿ ಒಳಸೇರುವರು. ಅಂತಹ ನೋಂದಣಿಯು ಆಗುವುದಕ್ಕಿಂತ ಆಗದಿರುವುದೇ ಮೇಲು. ಆದುದರಿಂದ ಪರೀಕ್ಷೆಯು ಕೆಲಸದ ಪರೀಕ್ಷೆಯಾಗಿರಬೇಕು, ಕನ್ನಡದಲ್ಲಿರಬೇಕು, ಬಾಯಿಮಾತಿನಲ್ಲಿಯೂ ಉತ್ತರಿಸಲು ಅವಕಾಶವಿರಬೇಕು. ಪೂರ್ವಾನುಭವದಿಂದ ಬಂದ ಕೌಶಲಕ್ಕೆ ಪ್ರಮಾಣಪತ್ರ ಕೊಡುವ ಪದ್ಧತಿಯು ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ಕೌಶಲ ವಿಕಾಸ ಯೋಜನೆಯಲ್ಲಿ ಆಗಲೇ ಬಂದಿದೆ. ಜಿಲ್ಲೆಜಿಲ್ಲೆಯ ಪಾಲಿಟೆಕ್ನಿಕ್ಕುಗಳಲ್ಲಿ ಕಂಬಿ ಕಟ್ಟಿಸಿ, ಕಾಂಕ್ರೀಟು ಕಲಸಿಸಿ, ಗೋಡೆಯ ತೂಕವನ್ನು ನೋಡಿ ಮೇಸ್ತ್ರಿಯ ಯೋಗ್ಯತೆಯನ್ನು ಅಳೆಯುವುದು ಅಸಾಧ್ಯವೇನೂ ಅಲ್ಲ. ಒಳ್ಳೆಯ ಮೇಸ್ತ್ರಿಗೆ ಇದರಿಂದ ನಷ್ಟವಿಲ್ಲ, ಲಾಭವೇ ಉಂಟು. ಇಂದು ಅವನು ಅರೆಬೆಲೆಗೆ ಒಪ್ಪುವ ಅಜ್ಞನೊಡನೆ ಸ್ಪರ್ಧಿಸಬೇಕಾಗಿದೆ. ಅವನ ಕುಶಲತೆಗೆ ಸಾಕ್ಷಿ ಹೇಳುವ ಚೀಟಿಯೊಂದೂ ಅವನ ಬಳಿಯಿಲ್ಲ.

ಮನೆಯ ವೆಚ್ಚವು ಏರುವುದೆಂಬುದು ಮೂರನೆಯ ಆಕ್ಷೇಪಣೆ. ಕೊಂಚ ಏರಬಹುದು. ಆದರೆ ತಾರಸಿ ಸೋರಿ, ಗೋಡೆ ಬಿರಿದು, ಐದು ವರ್ಷಕ್ಕೇ ಕಂಬಿಗೆ ತುಕ್ಕು ಹಿಡಿದ ಮನೆಯ ದುರಸ್ತಿಯ ಲೆಕ್ಕವನ್ನು ಈ ಆಕ್ಷೇಪಣೆಯನ್ನೆತ್ತುವವರು ಕೂಡಿಲ್ಲ.

ಸರ್ಕಾರವು ಮಾಡಬೇಕಾದುದೇನೆಂಬುದನ್ನು ನಾವು ಸ್ಪಷ್ಟವಾಗಿ ಹೇಳುತ್ತೇವೆ. ವಾಸದ ಮನೆಗಳನ್ನು ಕಟ್ಟುವ ಗುತ್ತಿಗೆದಾರರನ್ನು ನೋಂದಾಯಿಸಲು ಒಂದು ಕಾಯಿದೆಯಾಗಬೇಕು. ಅದರಲ್ಲಿ ಎರಡು ದರ್ಜೆಗಳಿರಲಿ: ನೆಲದ ಮೇಲೆ ಒಂದು ಅಂತಸ್ತಿನವರೆಗೆ ತಮ್ಮ ತಾಲ್ಲೂಕಿನಲ್ಲಿ ಕಟ್ಟುವ ಮೇಸ್ತ್ರಿಗಳಿಗೆ ಸುಲಭ ಶುಲ್ಕದ ನೋಂದಣಿ, ಅದಕ್ಕೆ ಮೀರಿದುದನ್ನು ಕಟ್ಟುವವರಿಗೆ, ಇಂಜಿನಿಯರೊಬ್ಬರ ಹೊಣೆಯೊಡನೆ, ರಾಜ್ಯದ ಪ್ರಮಾಣಪತ್ರ. ದರ, ಸಾಮಾನಿನ ಗುಣ, ಕಂತುಗಳು, ಮುಗಿಸುವ ದಿನ ಇವಿಷ್ಟನ್ನು ಕಾಣಿಸುವ ಕನ್ನಡದ ಮಾದರಿ ಕರಾರುಪತ್ರವನ್ನು ಸರ್ಕಾರವೇ ಅಚ್ಚು ಹಾಕಿಸಲಿ. ಮುಂಗಡಕ್ಕೆ ಮಿತಿಯಿರಲಿ. 2016ರ ಕಾಯಿದೆಯ ಐದು ವರ್ಷದ ಹೊಣೆಯು ಸ್ವಂತ ಮನೆ ಕಟ್ಟಿಸುವವನಿಗೂ ದೊರೆಯಲಿ. ನೋಂದಣಿಯ ಶುಲ್ಕದಿಂದ ಮೋಸಹೋದವರ ನೆರವಿಗೊಂದು ನಿಧಿಯಾಗಲಿ. ಆ ಶುಲ್ಕವು ಬೇರೆ ಬಾಬಿಗೆ ಹರಿಯದಿರಲಿ. ನೋಂದಾಯಿತರ ಪಟ್ಟಿಯೂ, ತಪ್ಪಿಗಾಗಿ ಹೆಸರನ್ನು ತೆಗೆದುಹಾಕಿಸಿಕೊಂಡವರ ಪಟ್ಟಿಯೂ ಪ್ರತಿಯೊಂದು ನಗರಸಭೆಯಲ್ಲಿ ಕಾಣುವಂತಿರಲಿ. ಹೆಸರನ್ನು ತೆಗೆಯುವ ಮುನ್ನ ಗುತ್ತಿಗೆದಾರನ ಮಾತನ್ನು ಕೇಳಬೇಕೆಂಬುದೂ ನ್ಯಾಯವೇ. ಮನೆ ಕಟ್ಟುವ ಅನುಮತಿಪತ್ರದಲ್ಲಿ ಗುತ್ತಿಗೆದಾರನ ನೋಂದಣಿಯ ಸಂಖ್ಯೆಯನ್ನು ಬರೆಯದೆ ಅನುಮತಿಯನ್ನು ಕೊಡಕೂಡದೆಂದರೆ, ಈ ಕಾಯಿದೆಯು ಕಪಾಟಿನ ಅಲಂಕಾರವಾಗದೆ ನಡೆದೀತು.

ನಾಗರಿಕರಿಗೂ ಒಂದು ಮಾತು ಸಲ್ಲುತ್ತದೆ. ಎಲ್ಲರಿಗಿಂತ ಕಡಿಮೆ ದರವನ್ನು ಹೇಳಿದವನಿಗೇ ಕೆಲಸವನ್ನು ಕೊಟ್ಟು, ಅನುಮತಿಯಿಲ್ಲದ ಅಂತಸ್ತೊಂದನ್ನು ಏರಿಸೆಂದು ತಾವೇ ಅವನನ್ನು ಒತ್ತಾಯಿಸುವ ಗೃಹಸ್ಥರೂ ಇದ್ದಾರೆ. ಅಂತಹವರು ಕಾಯಿದೆಯನ್ನು ಬೇಡುವಾಗ ತಮ್ಮನ್ನೂ ಅದರ ಅಂಕೆಗೆ ಒಪ್ಪಿಸಿಕೊಳ್ಳಬೇಕು. ಕರಾರನ್ನು ಬರೆಸಿಕೊಳ್ಳುವುದು, ಹಣಕ್ಕೆ ರಸೀತಿಯನ್ನು ಪಡೆಯುವುದು, ತಾರಸಿ ಹಾಕುವ ಮುನ್ನ ಕಂಬಿಯನ್ನು ತಿಳಿದವರಿಗೆ ತೋರಿಸುವುದು, ಇವಕ್ಕೆ ಯಾವ ಕಾಯಿದೆಯನ್ನೂ ಕಾಯಬೇಕಾಗಿಲ್ಲ.

ಮನೆ ಕಟ್ಟಿ ನೋಡೆಂದು ಹಿರಿಯರು ಹೇಳಿದುದು ಆ ಕಾರ್ಯದ ಕಷ್ಟವನ್ನು ಕುರಿತು. ಕಟ್ಟುವವನ ಅಜ್ಞಾನಕ್ಕೆ ಕಟ್ಟಿಸುವವನು ಬಲಿಯಾಗಬೇಕೆಂದಲ್ಲ. ಜೀವಮಾನದ ಗಳಿಕೆಯನ್ನು ಒಂದೇ ಸೂರಿನಡಿಯಲ್ಲಿ ಇಡುವ ಮಧ್ಯಮವರ್ಗದವರೂ, ಆ ಸೂರನ್ನು ಹೊತ್ತ ಊರುಗೋಲುಗಳ ನಡುವೆ ದುಡಿಯುವ ಬಡ ಕೂಲಿಕಾರರೂ ಸರ್ಕಾರದ ರಕ್ಷಣೆಗೆ ಸಮಾನವಾಗಿ ಅರ್ಹರು. ಶಾಸನಸಭೆಯ ಮುಂದಿನ ಅಧಿವೇಶನದಲ್ಲಿ ಈ ವಿಷಯವನ್ನು ಎತ್ತಿಕೊಳ್ಳುವ ಸದಸ್ಯರು, ಪಕ್ಷ ಯಾವುದೇ ಇರಲಿ, ನಾಡಿನ ಕೃತಜ್ಞತೆಗೆ ಪಾತ್ರರಾಗುವರು. ಇನ್ನೊಂದು ಕಟ್ಟಡವು ಬೀಳುವವರೆಗೆ ಅವರು ಕಾಯಬಾರದೆಂದು ನಾವು ಆಗ್ರಹಪಡಿಸುತ್ತೇವೆ.