ಕಲ್ಲಿನ ದಿಂಬು, ಕಲ್ಲಿನ ಕೋಸು

“ತಾತ, ನಮ್ಮ ಮಂಡಕಳ್ಳಿಯಲ್ಲಿ ಆಳವಾಗಿ ಅಗೆದರೆ ಡೈನೋಸಾರ್ ಮೂಳೆ ಸಿಗುತ್ತಾ?” ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗನ ಪ್ರಶ್ನೆ. ಸಿಗುವುದಿಲ್ಲ ಮರಿ. ಬೋರ್‌ವೆಲ್ ಕೊರೆಸಿದವರನ್ನು ಕೇಳು, ನಮ್ಮ ಕಡೆ ಕೆಳಗೆಲ್ಲ ಗಟ್ಟಿ ಬಂಡೆಯೇ. ಚಾಮುಂಡಿಬೆಟ್ಟದ ಗ್ರಾನೈಟ್ ಕೂಡ ನೆಲದಾಳದಲ್ಲಿ ಕರಗಿದ್ದ ಶಿಲೆ ಆರಿ ಗಟ್ಟಿಯಾದದ್ದು. ಆ ಕಾವಿನಲ್ಲಿ ಯಾವ ಜೀವಿಯ ಗುರುತು ಉಳಿದೀತು? ಪಳೆಯುಳಿಕೆ ಬೇಕಾದರೆ, ನೀರಿನ ತಳದಲ್ಲಿ ಕೆಸರು, ಸುಣ್ಣ ಪದರ ಪದರವಾಗಿ ಕೂತು ಕಲ್ಲಾದ ಕಡೆ ಹುಡುಕಬೇಕು.

ಅಂಥ ಜಾಗ ಹಳೇ ಮೈಸೂರು ಸಂಸ್ಥಾನದಲ್ಲೇ ಇತ್ತು: ಚಿತ್ರದುರ್ಗ ಜಿಲ್ಲೆಯ ವೇದಾವತಿ ಕಣಿವೆ. ಹಿರಿಯೂರಿನ ಹತ್ತಿರ ಎರಡು ಗುಡ್ಡಗಳ ನಡುವೆ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅಣೆಕಟ್ಟೆಯನ್ನು ಅಜ್ಜ-ಅಜ್ಜಿಯರು ಬಲ್ಲರು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಹರಿದದ್ದು ಮತ್ತೆ ಹರಿದದ್ದು 2022ರಲ್ಲಿ. ಆಗ ಪೇಪರಿನ ತುಂಬ ನೀರಿನದೇ ಸುದ್ದಿ, ಕಲ್ಲಿನ ಸುದ್ದಿ ನನ್ನ ಕಣ್ಣಿಗಂತೂ ಬೀಳಲಿಲ್ಲ. ಭೂವಿಜ್ಞಾನಿಗಳು ಮಾತ್ರ ಆ ಸೀಮೆಯ ಒಂದು ಶಿಲಾಗುಂಪಿಗೇ ವಾಣಿವಿಲಾಸ ಎಂದು ಹೆಸರಿಟ್ಟಿದ್ದಾರೆ. ಅದರ ವಯಸ್ಸು ಸುಮಾರು 260 ಕೋಟಿ ವರ್ಷ. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಈ ಕಲ್ಲಿನ ಮುಂದೆ ಅವು ಮೊನ್ನೆ ಮೊನ್ನೆ ಬಂದವು.

ಹಾಗಾದರೆ ಅಲ್ಲಿ ಯಾರ ಮೂಳೆ ಇದೆ? ಮೂಳೆಯೇ ಇಲ್ಲ! ಆಗ ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಬೆಳಕು ಬೀಳುವ ತಿಳಿನೀರಿನಲ್ಲಿ ಅವು ಪಾಚಿಯ ಹಾಗೆ ಲೋಳೆಯಾಗಿ ಹರಡಿದ್ದವು. ಮೇಲೆ ಪುಡಿಮಣ್ಣು, ಸುಣ್ಣ ಬಿದ್ದು ಅಂಟಿಕೊಳ್ಳುತ್ತಿತ್ತು. ಬಿಸಿಲಿಗಾಗಿ ಜೀವಿಗಳು ಅದರ ಮೇಲಕ್ಕೆ ಬಂದು ಹೊಸ ಪದರ ಹಾಸುತ್ತಿದ್ದವು. ಹೀಗೆ ಬೆಳೆದ ಕಲ್ಲಿನ ಹೆಸರು ಸ್ಟ್ರೊಮಾಟೊಲೈಟ್. ಎಲೆಕೋಸನ್ನು ಎರಡು ಹೋಳು ಮಾಡಿದರೆ ಒಳಗೆ ಗೆರೆಗಳು ಕಾಣುತ್ತವಲ್ಲ, ಹೆಚ್ಚುಕಡಿಮೆ ಹಾಗೇ. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇಂಥವು ಇವತ್ತಿಗೂ ಜೀವಂತವಾಗಿ ಬೆಳೆಯುತ್ತಿವೆ.

ನಾವು ಉಸಿರಾಡುವ ಆಮ್ಲಜನಕವನ್ನು ಮೊದಲು ತಯಾರಿಸಿದ್ದು ಇಂಥ ಜೀವಿಗಳೇ. ಆದರೆ ಗಾಳಿಯಲ್ಲಿ ಅದು ಗಣನೀಯವಾಗಿ ಕೂಡಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಅಲ್ಲಿಯವರೆಗೆ ಎಲ್ಲಿ ಹೋಯಿತು? ನನ್ನ ಬ್ಯಾಂಕಿನ ಬುದ್ಧಿಗೆ ಇದು ಹಳೇ ಸಾಲದ ಲೆಕ್ಕ. ಕಡಲಿನಲ್ಲಿ ಕರಗಿದ್ದ ಕಬ್ಬಿಣ, ಬಂದ ಆಮ್ಲಜನಕವನ್ನೆಲ್ಲ ಸೆಳೆದುಕೊಂಡು ತುಕ್ಕಾಗಿ ತಳಕ್ಕೆ ಇಳಿಯುತ್ತಿತ್ತು. ಸಂಬಳ ಬಂದ ದಿನವೇ ಸಾಲಕ್ಕೆ ಜಮಾ! ಸಾಲ ತೀರುತ್ತ ಬಂದ ಮೇಲೆ ಗಾಳಿಗೆ ಉಳಿತಾಯ.

ಇನ್ನು ದಿಂಬಿನ ವಿಷಯ. ಇದೇ ಜಿಲ್ಲೆಯ ಮರಡಿಹಳ್ಳಿಯಲ್ಲಿ ಕಲ್ಲುಗಳು ದಿಂಬು ಪೇರಿಸಿಟ್ಟ ಹಾಗಿವೆ. ನೀರಿನಡಿಯಲ್ಲಿ ಲಾವಾ ಉಕ್ಕಿದಾಗ ಹೊರಮೈ ತಕ್ಷಣ ಗಟ್ಟಿಯಾಗುತ್ತದೆ. ಒಳಗಿನ ಬಿಸಿ ರಸ ಸಿಪ್ಪೆ ಸೀಳಿಕೊಂಡು, ಟೂತ್‌ಪೇಸ್ಟ್ ಬಂದ ಹಾಗೆ ಹೊರಬಂದು ಇನ್ನೊಂದು ದಿಂಬಾಗುತ್ತದೆ. ಮಳೆಗಾಗಿ ಮುಗಿಲು ನೋಡುವ ಆ ಬಯಲುಸೀಮೆ ಒಂದು ಕಾಲಕ್ಕೆ ನೀರಿನ ತಳವಾಗಿತ್ತು ಎನ್ನುವುದಕ್ಕೆ ಈ ದಿಂಬುಗಳೇ ಸಾಕ್ಷಿ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮರಡಿಹಳ್ಳಿಯ ಕಲ್ಲನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ಆದರೆ ಗುರುತು ಗೊತ್ತಿಲ್ಲದ ಕಣ್ಣಿಗೆ ಅದೂ ಒಂದೇ, ಜಲ್ಲಿಗೆ ಒಡೆಯುವ ಕಲ್ಲೂ ಒಂದೇ. ನನಗೆ ಭಯ ಅದೇ. ಕೋಟೆ ನೋಡಲು ಚಿತ್ರದುರ್ಗಕ್ಕೆ ಶಾಲೆಯ ಪ್ರವಾಸ ಹೊರಟರೆ, ಮೇಷ್ಟ್ರಿಗೆ ಹೇಳಿ ಇದನ್ನೂ ಸೇರಿಸಿಕೊಳ್ಳಿ. ನೆನಪಿಗೆಂದು ಚೂರು ಕೂಡ ಕೀಳಬೇಡಿ. ದಿಂಬಿನ ಪಕ್ಕ ಐದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಅಳತೆ ತಿಳಿಯುತ್ತದೆ. ಬರುವಾಗ ನಾಣ್ಯ ಎತ್ತಿಕೊಂಡು ಬನ್ನಿ.